ಹತ್ತಿದ ಸ್ಟಾಪು

ಬಾಯಿ ತೆರೆಯುವ ಮೊದಲು
ಜಾರಪ್ಪ ಸಾಲ್ಯಾನ್ ಮೇಜಿನ ಮೇಲಿಟ್ಟದ್ದು ಒಂದು ವಿಸಿಲ್.
ಸ್ಟೀಲಿನದ್ದು, ತುದಿಯಲ್ಲಿ ಒಣಗಿದ ಕಂದು ಗೆರೆ.
“ಸ್ಟೇಟ್‌ಬ್ಯಾಂಕಿನಿಂದ ತಲಪಾಡಿಗೆ ಹೋಗಿ ಬರುವಷ್ಟರಲ್ಲಿ
ಎರಡು ಸಲ ತೊಳೆಯಬೇಕು ಡಾಕ್ಟ್ರೆ.
ಟಿಕೇಟಿಗೆ ರಕ್ತ ತಾಗಿದರೆ
ಜನ ಚಿಲ್ಲರೆ ವಾಪಸು ಕೇಳುವುದಿಲ್ಲ.”

ಕೆಳದವಡೆ, ಎಡಗಡೆ,
ಕಳಿತ ನೇರಳೆಯಂಥ ಗಂಟು.
ಮುಟ್ಟಿದೆ. ಹತ್ತಿ ಕೆಂಪಾಯಿತು.

ನನ್ನ ವಯಸ್ಸಿಗೆ ಊಹೆಗಳು ಬೇಗ ಬರುತ್ತವೆ:
ವಾರಕ್ಕೆ ಮೂರು ಡಯಾಲಿಸಿಸ್, ಇದು ಏಳನೆಯ ವರ್ಷ,
ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಇರಬಹುದು.
ಬಿಪಿ ಮಾತ್ರೆಗೆ ಒಸಡು ಬೆಳೆಯುವುದೂ ಉಂಟು.
ಅಥವಾ ನಾನು ಚೀಟಿಯಲ್ಲಿ ಬರೆದು
ಅಂಗೈಯಲ್ಲಿ ಮುಚ್ಚಿದ ಆ ಮೂರಕ್ಷರ.

ಅವರು ಓದಿಬಿಟ್ಟರು. ಮುಚ್ಚಿದ ಕೈಯೊಳಗಿನ ನೋಟು ಎಷ್ಟರದ್ದೆಂದು
ಕಂಡಕ್ಟರಿಗೆ ಗೊತ್ತಾಗುತ್ತದೆ.
“ಇರಲಿ,” ಎಂದರು, “ಇದು ಹತ್ತಿದ್ದು ಯಾವ ಸ್ಟಾಪಿನಲ್ಲಿ, ಅದು ನೋಡಿ.
ಇಳಿದ ಜಾಗ ನೋಡಿ ಟಿಕೇಟು ಹರಿಯುವುದುಂಟಾ?”

ನಕ್ಕೆ. ಆಮೇಲೆ ನಗಲಿಲ್ಲ.
ಎಕ್ಸ್‌ರೇಯಲ್ಲಿ ದವಡೆಯೆಲುಬು ಮಂಜು ಕುಳಿತ ಗಾಜು.
ಹಲ್ಲಿನ ಬೇರಿನ ಸುತ್ತ ಇರಬೇಕಾದ ಬಿಳಿಗೆರೆ
ಒಂದಕ್ಕೂ ಇಲ್ಲ;
ಗಂಟೇ ಇಲ್ಲದ ಬಲಗಡೆಯೂ ಇಲ್ಲ.

ಬುಧವಾರ, ಡಯಾಲಿಸಿಸ್ಸಿನ ಮರುದಿನ, ಚೂರು ತೆಗೆದೆವು.
ನೆತ್ತರು ನಿಲ್ಲಲು ನಲವತ್ತು ನಿಮಿಷ.
ಒಸಡಿನ ಮೇಲೆ ನನ್ನ ಹೆಬ್ಬೆರಳು;
ಅವರ ಎಡಗೈಯ ಫಿಸ್ಟುಲಾ ನನ್ನ ಮೊಣಕೈಗೆ ತಾಗಿ
ಝುಂ ಅನ್ನುತ್ತಿತ್ತು,
ಇಳಿಸದೆ ನಿಲ್ಲಿಸಿದ ಬಸ್ಸಿನ ಎಂಜಿನ್ನಿನ ಹಾಗೆ.

ಸೂಕ್ಷ್ಮದರ್ಶಕದ ಕೆಳಗೆ ದೈತ್ಯಕೋಶಗಳು,
ಒಂದೊಂದರ ಹೊಟ್ಟೆಯಲ್ಲಿ ಹತ್ತಾರು ಬೀಜ.
ಬರೀ ಒಸಡಿನ ಗಂಟಿನಲ್ಲೂ ಇವು ಇರುತ್ತವೆ.
ಕೋಶಗಳು ತಮ್ಮ ಊರು ಹೇಳುವುದಿಲ್ಲ.
ಹೇಳಿದ್ದು ಶುಕ್ರವಾರ ಬಂದ ರಕ್ತದ ಚೀಟಿ:
ಪ್ಯಾರಾಥೈರಾಯ್ಡ್ ಹಾರ್ಮೋನು,
ಇರಬೇಕಾದದ್ದರ ಇಪ್ಪತ್ತೈದು ಪಟ್ಟು.

ಹತ್ತಿದ್ದು ಕಿಡ್ನಿಯಲ್ಲಿ, ಜಾರಪ್ಪಣ್ಣ.
ಕುತ್ತಿಗೆಯಲ್ಲಿ ಬಸ್ಸು ಬದಲಿಸಿತು.
ಅಲ್ಲಿ ಅಕ್ಕಿಕಾಳಿನಷ್ಟರ ನಾಲ್ಕು ಗ್ರಂಥಿ, ಈಗ ಊದಿವೆ;
ರಕ್ತಕ್ಕೆ ಸುಣ್ಣ ಸಾಲದೆಂದು
ವರ್ಷಗಟ್ಟಲೆ ಎಲುಬಿನ ಬಾಗಿಲು ತಟ್ಟಿದವು.
ಎಲುಬು ಕೊಟ್ಟಿತು. ಕೊಟ್ಟಲ್ಲಿ ಕುಳಿ,
ಕುಳಿಯಲ್ಲಿ ಈ ಕಂದು ಗಂಟು.
ಒಸಡು ಬರೀ ಇಳಿದ ಜಾಗ.

ಆ ಮೂರಕ್ಷರ ಅಲ್ಲ, ಅಂದೆ.
ಹಾಗೆಂದು ಸಕ್ಕರೆ ಹಂಚುವ ಸುದ್ದಿಯೂ ಅಲ್ಲ,
ಕುತ್ತಿಗೆಗೆ ಆಪರೇಷನ್ ಬೇಕಾದೀತು, ದೊಡ್ಡ ಡಾಕ್ಟ್ರು ಹೇಳಬೇಕು.
ಅವರು ವಿಸಿಲನ್ನು ಅಂಗಿಯ ತುದಿಗೆ ಒರೆಸಿದರು.
“ಅಲ್ಲಿಯವರೆಗೆ ಊದಬಹುದಾ?”

ಓದಿದ್ದರಲ್ಲಿ ಎಲ್ಲೂ ಉತ್ತರವಿರಲಿಲ್ಲ.
ಬಲಗಡೆಯಿಂದ ಊದಿ, ಎಂದೆ.
ಅಲ್ಲೇ ಒಮ್ಮೆ ಊದಿ ನೋಡಿದರು, ಸ್ವಲ್ಪ ಸೊಟ್ಟ.
ಹೊರಗೆ ಬೆಂಚಿನಲ್ಲಿ ಕಾದಿದ್ದವರು
ಚೀಲ ಎತ್ತಿಕೊಂಡು ಎದ್ದು ನಿಂತರು.