ಶೇಕಡಾ ಅರುವತ್ತೊಂದು

ಸ್ಟೇಟ್ ಬ್ಯಾಂಕಿನ ಹತ್ತಿರ ಹಳೆ ಮೊಬೈಲುಗಳ ಸಂದಿಯಲ್ಲಿ
ಎರಡು ಸಾವಿರದ ಇನ್ನೂರಕ್ಕೆ ಕೊಂಡದ್ದು.
ಮೂಲೆ ಬಿರಿದಿತ್ತು. ಬಣ್ಣ ಬರುವುದಿಲ್ಲ, ಹಾಡು ಬರುವುದಿಲ್ಲ,
ಓದ್ಲಿಕ್ಕೆ ಮಾತ್ರ, ಎಂದ ಅಂಗಡಿಯ ಹುಡುಗ,
ವರನ ಐಬು ಮೊದಲೇ ಹೇಳಿಬಿಡುವ ದಲ್ಲಾಳಿಯ ಹಾಗೆ.

ತೆರೆದರೆ ನೆತ್ತಿಯಲ್ಲಿ ಯಾರದೋ ಹೆಸರು: ಜೆಸಿಂತಾ.
ಒಳಗೆ ಒಂದು ಕಾದಂಬರಿ, ಅರ್ಧ ದಾಟಿ ನಿಂತದ್ದು,
ಮತ್ತೆ ಅವಳು ಒತ್ತಿ ಅರ್ಥ ಕೇಳಿದ ಶಬ್ದಗಳೆಲ್ಲ
ಪಟ್ಟಿಯಾಗಿ, ಇನ್ನೂರ ಹದಿಮೂರು.
ಒಬ್ಬರಿಗೆ ಏನು ಗೊತ್ತಿಲ್ಲ ಎನ್ನುವುದನ್ನು
ಇಷ್ಟು ಒಪ್ಪವಾಗಿ ಜೋಡಿಸಿಟ್ಟದ್ದು ಎಲ್ಲೂ ಕಂಡಿರಲಿಲ್ಲ.

ನನಗೆ ಇಂಗ್ಲಿಷು ಬೇಕೆನಿಸಿದ್ದು ಒಂದು ಕಾಗದದಿಂದ.
ದೋಣಿಯ ಸಾಲ; ಬ್ಯಾಂಕಿನವರು ಬರೆದಿದ್ದರು,
ಬಡ್ಡಿಯ ಮೇಲಿನ ದಂಡ 'ವೇವ್ಡ್' ಎಂದು.
ಅಲೆ ಎಂದೇ ಓದಿಕೊಂಡೆ.
ದಂಡ ಅಲೆಯಾಗಿ ಬರುತ್ತದೆಂದು ಮೂರು ರಾತ್ರಿ ನಿದ್ದೆ ಬಿಟ್ಟೆ.
ಅವರು ಬಿಟ್ಟದ್ದು ದಂಡವನ್ನು.
ನಾಲ್ಕನೇ ದಿನ ಮ್ಯಾನೇಜರು ನಕ್ಕ ನಗು
ಇವತ್ತಿಗೂ ಕರಗದ ಒಂದು ಬ್ಲಾಕ್ ಐಸು.

ದಕ್ಕೆಯ ಐಸ್ ಪ್ಲಾಂಟಿನಲ್ಲಿ ನನ್ನದು ಲೆಕ್ಕ ಬರೆಯುವ ಕೆಲಸ.
ಎರಡು ಲಾರಿಗಳ ನಡುವೆ ಅರ್ಧ ಪುಟ.
ಮಂಜುಗಡ್ಡೆ ಮುಟ್ಟಿದ ಬೆರಳಿಗೆ ಪರದೆ ಎಚ್ಚರವಾಗದು;
ಕಂಕುಳಲ್ಲಿಟ್ಟು ಬಿಸಿ ಮಾಡಿಕೊಂಡು ಮತ್ತೆ ಒತ್ತಬೇಕು.
"ಎಂಥದ್ದು ಸುಗಂಧಿ ಅದು, ಕಲೆಕ್ಟರ್ ಆಗ್ಲಿಕ್ಕುಂಟಾ?"
ಕ್ರಶರಿನ ಸದ್ದಿನ ಮೇಲೆ ಪುತ್ತುಮೋನು ಕೂಗುತ್ತಾನೆ.

ಒಂದು ಶಬ್ದದ ಅರ್ಥದೊಳಗೆ ಗೊತ್ತಿಲ್ಲದ ಇನ್ನೊಂದು,
ಅದನ್ನೊತ್ತಿದರೆ ಅದರ ಹೊಟ್ಟೆಯಲ್ಲಿ ಮತ್ತೂ ಒಂದು.
ಗಂಟು ಬಿದ್ದ ಬಲೆ ಬಿಡಿಸಲು ಕೂತರೆ ಹೀಗೇ.
ಕತೆಯ ಹೆಂಗಸು ಚಹಾದ ಕಪ್ಪು ಎತ್ತಿದವಳು
ಎತ್ತಿದಲ್ಲೇ ಕಾಯುತ್ತಾಳೆ ನನಗೆ, ಮಧ್ಯಾಹ್ನದ ತನಕ.

ಗದ್ದೆಯಲ್ಲದ, ಕಾಡಲ್ಲದ ಗಾಳಿ ಬಯಲಿಗೆ 'ಮೂರ್' ಅಂತೆ.
ಅವಳ ಊರಲ್ಲಿ ಅದರ ಮೇಲೆ ಮಂಜು.
ಓ, ಪದವು!
ನಮ್ಮ ಪದವಿನ ಮೇಲೆ ಮುರಕಲ್ಲು, ಮುಳಿಹುಲ್ಲು,
ಏಪ್ರಿಲಿನಲ್ಲಿ ಚಪ್ಪಲಿ ತೂರಿ ಸುಡುವ ನೆಲ.
'ಬ್ರ್ಯಾಕಿಶ್' ಎಂದರೆ ಮೇ ತಿಂಗಳ ನಮ್ಮ ಬಾವಿ,
ಉಪ್ಪಲ್ಲ, ಸಿಹಿಯಲ್ಲ, ಸವುಳು.
ಅನ್ನಕ್ಕೆ ಉಪ್ಪು ಉಳಿಯಿತು ಎನ್ನುತ್ತಿದ್ದಳು ಅಮ್ಮ.
'ವಿಸ್ಟ್‌ಫುಲ್' ಮಾತ್ರ ಎಷ್ಟು ಒತ್ತಿದರೂ ಬಗ್ಗಲಿಲ್ಲ.
ಬಿಟ್ಟು ಮುಂದೆ ಹೋದೆ.

ಪಟ್ಟಿಯಲ್ಲಿ ನೂರ ನಲ್ವತ್ತನೆಯದು: ಮ್ಯಾಕರೆಲ್.
ಅಯ್ಯೋ ಜೆಸಿಂತಾ, ಬಂಗುಡೆ ಮಾರಾಯ್ತಿ!
ವಾರಕ್ಕೆ ನಾಲ್ಕು ದಿನ ನಿನ್ನ ಕಾವಲಿಯಲ್ಲಿ ಚುಂಯ್ ಎನ್ನುವುದು.
ಲಾರಿ ಬಿಲ್ಲಿನಲ್ಲಿ ನಾನು ದಿನಾ ಗೀಚುವ ಶಬ್ದ,
ನನಗೆ ಗೊತ್ತಿದ್ದು ನಿನಗೆ ಗೊತ್ತಿಲ್ಲದ ಒಂದೇ ಒಂದು.
ಅರ್ಥ ಕಂಡಾಗ ನೀನೂ ಒಬ್ಬಳೇ ನಕ್ಕಿರಬೇಕು.
ಎಲ್ಲಿ ಕೂತು? ಬೆಂದೂರಿನ ಯಾವುದೋ ಜಗಲಿಯಲ್ಲಾ,
ಆಸ್ಪತ್ರೆಯ ಟೋಕನ್ ಹಿಡಿದಾ?
ಆ ನಗು ಪಟ್ಟಿಯಲ್ಲಿಲ್ಲ.

ಅರುವತ್ತೊಂದಕ್ಕೆ ನೀನು ನಿಂತೆ.
ಕೊನೆಗೆ ಒತ್ತಿದ್ದು 'ರೆಲೆಂಟ್': ಮೆತ್ತಗಾಗು, ಪಟ್ಟು ಸಡಿಲಿಸು.
ಅಲ್ಲಿಂದಾಚೆ ಯಾರೂ ತುಳಿಯದ ಹೊಯಿಗೆ.
ಯಾರು ಮಾರಿದ್ದು, ಯಾಕೆ, ಹುಡುಗನಿಗೆ ಗೊತ್ತಿಲ್ಲ;
ನಾನೂ ಎರಡನೇ ಸಲ ಕೇಳಲಿಲ್ಲ.

ಅರುವತ್ತೆಂಟರಲ್ಲಿ ಆ ಹೆಂಗಸಿನ ತಂಗಿ ವಾಪಸು ಬಂದಳು, ಜೆಸಿಂತಾ.
ಎಪ್ಪತ್ತರಲ್ಲಿ ಕುರಿ ಸತ್ತಿತು.
ಎಪ್ಪತ್ತನಾಲ್ಕರಲ್ಲಿ 'ಎಸ್ಚುವರಿ' ಎಂದಿತ್ತು.

ಆಗ ನಾನು ಬೆಂಗ್ರೆಗೆ ದಾಟುವ ಫೆರಿಯಲ್ಲಿದ್ದೆ.
ಎಂಜಿನ್ನಿನ ಹೊಗೆ, ಖಾಲಿ ಬುಟ್ಟಿಗಳು, ಒಂದು ಸೈಕಲು,
ಯೂನಿಫಾರ್ಮು ಒದ್ದೆ ಮಾಡಿಕೊಂಡ ಮಕ್ಕಳು.
ಒತ್ತಲು ಬೆರಳೆತ್ತಿದವಳು ಹಿಂದೊಂದು ಸಾಲು, ಮುಂದೊಂದು ಸಾಲು ಓದಿದೆ:
ಹೊಳೆ, ಉಪ್ಪು, ಇಳಿತ, ದೋಣಿಗೆ ಕಾಯುವ ಹೆಂಗಸು.
ತಲೆ ಎತ್ತಿದೆ.
ಬಲಕ್ಕೆ ಫಲ್ಗುಣಿ, ಎಡಕ್ಕೆ ನೇತ್ರಾವತಿ,
ಎರಡನ್ನೂ ತಳ್ಳಿಕೊಂಡು ಅಳಿವೆಯ ಕಡೆಯಿಂದ
ನೀರು ಏರಿ ಬರುತ್ತಿತ್ತು.

ಒತ್ತಲಿಲ್ಲ.
ಹಾಗಾಗಿ ಆ ಶಬ್ದ ಪಟ್ಟಿಯಲ್ಲಿಲ್ಲ,
ಮುಂದೆ ಇದನ್ನು ಯಾರು ಕೊಂಡರೂ ಅವರಿಗೆ ಸಿಗುವುದಿಲ್ಲ.
"ಚಿಲ್ಲರೆ ಕೊಡಿ ಅಕ್ಕ," ಎಂದ ಟಿಕೇಟಿನವ.
ಬೆರಳು ಬೆಚ್ಚಗೇ ಇತ್ತು. ಹುಡುಕಿ ಕೊಟ್ಟೆ.