ಆರು ಚೌಕ

ಹಳೇ ಪ್ರಶ್ನೆಪತ್ರಿಕೆಯ ಹಿಂಬದಿಗೆ ಸ್ಕೇಲಿಟ್ಟು
ಆರು ಚೌಕ ಎಳೆದೆ.
ಒಂದು: ಮನೆ, ದೂರದಿಂದ. ಒಂಟಿಕೊಪ್ಪಲು, ಸಂಜೆ.
ಎರಡು: ಮುಂಬಾಗಿಲು, ಹಿತ್ತಾಳೆಯ ಹೆಸರುಫಲಕ.
ಮೂರು: ಟೀಪಾಯಿ, ಕಾಫಿ ಲೋಟ, ತೀರಾ ಹತ್ತಿರದಿಂದ.
ಮನುಷ್ಯರ ಕೈ ಬರೆಯಲು ನನಗೆ ಬಾರದು,
ಬೆರಳೆಲ್ಲ ಬೆಂಡೆಕಾಯಿ.

ಗಂಗೋತ್ರಿಯ ಆ ಉದ್ದ ಕೋಣೆಯಲ್ಲಿ
ಇಮ್ತಿಯಾಜ್ ಸರ್ ಹಾಳೆಯನ್ನು ಕಿಟಕಿಗೆ ಹಿಡಿದರು.
'ಕಾಫಿ ತಂದಿಟ್ಟವರು ಯಾರು?'
ಯಾರೋ ಇಟ್ಟರು ಸರ್.
'ಆ ಯಾರೋ ಎಷ್ಟನೇ ಚೌಕದಲ್ಲಿದ್ದಾಳೆ?'

ಹಿಂದಿನ ಬೆಂಚು ನಕ್ಕಿತು.

ಐಡಿಯಾಲಜಿ ಎಂದು ಬೋರ್ಡಿನ ಮೇಲೆ ಬರೆದು ಅಡಿಗೆರೆ ಎಳೆದರು,
ನಾನೂ ನೋಟ್ಸಿನಲ್ಲಿ ಎಳೆದೆ.
ಆ ಪದಕ್ಕೆ ನನ್ನ ತಲೆಯಲ್ಲಿದ್ದದ್ದು
ಬಾವುಟ, ಮೈಕು, ಟೌನ್‌ಹಾಲ್ ಮುಂದೆ ಕೂತ ಜನ.
'ಅಲ್ಲಮ್ಮ. ಕ್ಯಾಮೆರಾ ಎಲ್ಲಿಡಬೇಕು ಅಂತ
ಯಾರೂ ಹೇಳಿಕೊಡದೆ ನಿನ್ನ ಕೈಗೆ ಗೊತ್ತಾಯ್ತಲ್ಲ,
ಅದು.'

ಸರ್‌ಗೆ ಹೇಳಲಿಲ್ಲ ನಾನು:
ಆ ಮನೆ ನಿಜವಾದದ್ದು.
ಅಲ್ಲಿ ನನ್ನವ್ವ ನಂಜಮಣಿ ಹನ್ನೊಂದು ವರ್ಷ ಪಾತ್ರೆ ಬೆಳಗಿದಳು.
ನಾವು ಹೋಗುತ್ತಿದ್ದದ್ದು ಕನ್ಸರ್ವೆನ್ಸಿ ಗಲ್ಲಿಯಿಂದ,
ಹಿತ್ತಲ ತಗಡಿನ ಗೇಟು ಎತ್ತಿ ತಳ್ಳಿ.
ಮುಂಬಾಗಿಲನ್ನು ನಾನು ಕಂಡೇ ಇಲ್ಲ.
ಹಾಗಾದರೆ ಬರೆದದ್ದು ಯಾವ ಬಾಗಿಲು?
ನೋಡಿದ ಸಿನಿಮಾಗಳದ್ದೆಲ್ಲ ಸೇರಿ ಒಂದು.

ರಾತ್ರಿ ಪಡುವಾರಹಳ್ಳಿಯಲ್ಲಿ ರಬ್ಬರು ಹಿಡಿದು ಕೂತೆ.
ಮೂರನೇ ಚೌಕಕ್ಕೆ ಸೀರೆ ಬಂತು, ಟ್ರೇ ಬಂತು.
ಇಗೋ ನೋಡವ್ವ, ನೀನು, ಕಾಫಿ ತರ್ತಾ ಇದೀಯ.
ಅವ್ವ ಸೊಪ್ಪು ಸೋಸುವುದು ಬಿಟ್ಟು ಬಗ್ಗಿದಳು.
'ಕಾಪಿಯ ನಾನೆಲ್ ಮಗ ತಕ್ಕೊಂಡೋಗಿದ್ದೆ?
ಅಡುಗೆಮನೆ ಒಳೀಕೇ ಬುಡ್ತಿರ್ನಿಲ್ಲ.
ಲೋಟ ನಂತಾವುಕೆ ಬರ್ತಿದ್ದುದ್ದು
ಕುಡುದಾದ್ ಮ್ಯಾಲೆ.'

ಸರ್ ಕೇಳಿದ ಪ್ರಶ್ನೆಯೂ
ಹಾಲಿನ ಸೋಫಾದಲ್ಲೇ ಕೂತಿತ್ತು ಹಾಗಾದರೆ.

ಟ್ರೇ ಅಳಿಸಿದೆ. ಸೀರೆ ಅಳಿಸುವಾಗ ಹಾಳೆ ಸ್ವಲ್ಪ ಹರಿಯಿತು.
ಹೊಸ ಹಾಳೆ. ಬಟ್ಟೆ ಒಗೆಯುವ ಕಲ್ಲು, ನಲ್ಲಿ,
ಕುಕ್ಕರಗಾಲಲ್ಲಿ ಕೂತವಳ ಕಣ್ಣಿನ ಎತ್ತರಕ್ಕೆ ಕ್ಯಾಮೆರಾ;
ಲೋಟದ ತಳದಲ್ಲಿ ಒಣಗಿದ ಕೆನೆ,
ಹಿಂದೆ, ಮಸುಕಾಗಿ, ಯಾರದೋ ನಗು, ಮುಖವಿಲ್ಲದೆ.

ಹನ್ನೊಂದೂವರೆಗೆ ಆರೂ ಚೌಕ ಮುಗಿದವು.
ಚೆನ್ನಾಗಿದೆ ಅನಿಸಿತು. ಬೆರಳು ಇನ್ನೂ ಬೆಂಡೆಕಾಯಿಯೇ.

ಅವ್ವ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು, ಸರ್ ಹಾಗೆಯೇ.
'ನಲ್ಲಿ ಎಡುಕ್ಕಿತ್ತು ಕಣ್ ಮಗ.'

ಈಗ ಎಲ್ಲ ಚೌಕವನ್ನೂ ತಿರುಗಿಸಬೇಕು.
ನಾಳೆ ಹತ್ತಕ್ಕೆ ಕೊಡಬೇಕು.