ಟೈರಿನ ಗಾಳಿ

ಡಾಕ್ಟರ್ ಗಲಗಲಿ ಕೇಳಿದ್ರು:
ದಿನಕ್ಕ ಎಷ್ಟ್ ಸಲ? ರಾತ್ರಿನೂ ಎಬ್ಬಸತೈತೇನು? ರಕ್ತ?
ಹಾಲಿನ ಚಾ ಎಷ್ಟು ಕುಡೀತೀರಿ?
ಸಕ್ಕರಿ ಗುಳಿಗಿ ಯಾವಾಗ ಬದಲಾತು?
ಥೈರಾಯ್ಡು, ಜಂತು, ಕರುಳಿನ ಬಾವು
ಚೀಟಿ ಮ್ಯಾಲೆ ಗೀಚಿ, ಕಡೀಕ
ಪೆನ್ನಿನ ಟೋಪಿ ಮುಚ್ಚಿ
"ಮನಸಿಗೇನರ ಹಚ್ಚಿಕೊಂಡೀರೇನು?" ಅಂದ್ರು.

ಏನ್ ಹೇಳಲಿ.
ಹತ್ತೊಂಬತ್ತು ವರ್ಷ ಜಮಖಂಡಿ–ಬಾಗಲಕೋಟಿ ಗಾಡಿ.
ನೀರು ಕುಡೀದ, ತಡಕೊಂಡು ತಡಕೊಂಡು
ಚಿಲ್ಲರ ಎಣಿಸಿದಾಕಿ ನಾನು.
ಈಗ ಹೊಟ್ಟಿ
ಹಳೇ ಬಾಕಿ ಕೇಳಾಕ ಬಂದವರಂಗ
ಮುಧೋಳ ದಾಟೂದ ತಡ, ಬಾಗಲಾ ಬಡಿತೈತಿ.

ಎಪ್ಪತ್ತು ಮಂದಿ. ಕೈಯಾಗ ಟಿಕೀಟಿನ ಮಷೀನು.
ಸೀಟಿ ಊದಲೇನು?
ಏನಂತ ಊದಲಿ?

ದಸ್ತಗೀರಣ್ಣ ಕನ್ನಡಿಯೊಳಗ ನನ್ನ ಮಾರಿ ನೋಡಿದ.
ಲೋಕಾಪುರದ ಆಚಿ, ಪೆಟ್ರೋಲ್ ಪಂಪಿನ ಮುಂದ
ಗಾಡಿ ಬಾಜೂಕ ಹಾಕಿ, ಇಳದು,
ಹಿಂದಿನ ಟೈರಿಗೆ ರಾಡಿಲೆ ಬಡದ: ಧಬ್, ಧಬ್.
"ಗಾಳಿ ಕಡಿಮಿ ಅನಸತೈತಿ. ಐದ್ ಮಿನಿಟು."
ಮಂದಿ ಗೊಣಗಿದ್ರು.
ಒಬ್ಬಾಂವ ಇಳದು ತಾನೂ ಒಂದ್ ಸಲ ಒದ್ದು ನೋಡಿದ.

ನಾ ಓಡಿದೆ.
ತಿರುಗಿ ಬರೂತನಾ ಬಡೀತಾನ ಇದ್ದ.
ಏನೂ ಕೇಳಲಿಲ್ಲ. ನಾನೂ ಹೇಳಲಿಲ್ಲ.
ರೈಟ್ ಅಂದೆ.

ರಿಪೋರ್ಟು ಸೋಮವಾರ ಬರತೈತಿ.
ಟೈರು ಮಾತ್ರ
ಆರೂ ಛಲೋ ಅದಾವು.